ಜೂನ್ ಒಂದನೇ ತಾರೀಖು



ನಮ್ಮ ಪತ್ರಿಕೆಯ ಮರಾಠಿ ಪುಟಗಳಲ್ಲಿ ಮಕ್ಕಳು ಗೆದ್ದ ಪದಕಗಳ ಸುದ್ದಿ ಪ್ರತಿ ವರ್ಷ ಬರುತ್ತದೆ. ಈ ಸಲ ಕನ್ನಡ ಪುಟಕ್ಕೆ ಒಂದು ಪದಕ ಬಾರದ ಕಥೆ ಬರೆಯಬೇಕೆಂದು ಕುಳಿತಿದ್ದೇನೆ. ಬರೆಯಲು ಫಾದರ್ ಅವರ ಮತ್ತು ಆ ಮನೆಯವರ ಒಪ್ಪಿಗೆ ಪಡೆದಿದ್ದೇನೆ. ಹುಡುಗನ ಹೆಸರನ್ನಾಗಲಿ ಶಾಲೆಯ ಹೆಸರನ್ನಾಗಲಿ ಹೇಳುವುದಿಲ್ಲ. ಉಮರ್ಗಾ, ನಿಲಂಗಾ, ಉದಗೀರ ಈ ಮೂರು ತಾಲ್ಲೂಕುಗಳಲ್ಲಿ ಎಲ್ಲಿ ನಡೆದದ್ದು ಎಂದೂ ಕೇಳಬೇಡಿ. ಎಲ್ಲಿ ಬೇಕಾದರೂ ನಡೆಯಬಹುದಾದದ್ದು ಅದು.

ಶಾಲಾ ಕ್ರೀಡಾಕೂಟ ಎಂದರೆ ನಮ್ಮ ಕಡೆ ಹೇಗಿರುತ್ತದೆ ಎಂದು ನಿಮಗೆ ಗೊತ್ತೇ ಇದೆ. ಮಳೆ ಸ್ವಲ್ಪ ಬಿಡುವು ಕೊಟ್ಟ ಕೂಡಲೇ ಕರಿಮಣ್ಣಿನ ಮೈದಾನದಲ್ಲಿ ಸುಣ್ಣದ ಗೆರೆ ಎಳೆಯುತ್ತಾರೆ. ಜೀಪಿನಲ್ಲಿ, ಟೆಂಪೋದಲ್ಲಿ ಹಳ್ಳಿ ಹಳ್ಳಿಯಿಂದ ಮಕ್ಕಳು ಬರುತ್ತಾರೆ. ಒಂದು ಕಡೆ ಖೋ-ಖೋ, ಇನ್ನೊಂದು ಕಡೆ ಕಬಡ್ಡಿ, ನಡುವೆ ಓಟ. ಮೈಕಿನಲ್ಲಿ ಮರಾಠಿ, ಮಕ್ಕಳ ಬಾಯಲ್ಲಿ ಅರ್ಧ ಕನ್ನಡ. ಉಮರ್ಗಾ ಕಡೆಯವರು ಗೆದ್ದರೆ ಧಾರಾಶಿವಕ್ಕೆ, ನಿಲಂಗಾ-ಉದಗೀರದವರು ಗೆದ್ದರೆ ಲಾತೂರಿಗೆ. ಅಲ್ಲಿಂದ ವಿಭಾಗ, ಆಮೇಲೆ ರಾಜ್ಯ. ಧಾರಾಶಿವದ ಸಾರಿಕಾ ಕಾಳೆ ಖೋ-ಖೋ ಆಡಿ 2020ರಲ್ಲಿ ಅರ್ಜುನ ಪ್ರಶಸ್ತಿ ಪಡೆದ ಮೇಲೆ ನಮ್ಮ ಹುಡುಗಿಯರ ಮನೆಗಳಲ್ಲೂ "ಆಡಲಿ ಬಿಡು" ಎನ್ನುವ ಮಾತು ಸ್ವಲ್ಪ ಜಾಸ್ತಿ ಕೇಳಿಸುತ್ತದೆ. ಅದಕ್ಕೂ ದೊಡ್ಡ ಕಾರಣ ಬೇರೆ ಇದೆ. ಆಟದ ಪ್ರಮಾಣಪತ್ರ ಇದ್ದರೆ ಹತ್ತನೇ ಮತ್ತು ಹನ್ನೆರಡನೇ ತರಗತಿಯಲ್ಲಿ ಹೆಚ್ಚುವರಿ ಅಂಕ, ಮುಂದೆ ಸರ್ಕಾರಿ ನೌಕರಿಯಲ್ಲಿ ಆಟಗಾರರಿಗೆ ಶೇಕಡಾ 5 ಮೀಸಲು. ಹೊಲವಿಲ್ಲದ ಮನೆಗೆ ಅದು ಸಣ್ಣ ಮಾತಲ್ಲ.

2024ರ ಆ ಕೂಟದಲ್ಲಿ ನಮ್ಮ ಧರ್ಮಕೇಂದ್ರದ ಒಬ್ಬ ಹುಡುಗ 14 ವರ್ಷದೊಳಗಿನವರ 400 ಮೀಟರ್ ಓಟದಲ್ಲಿ ಎರಡನೆಯವನಾಗಿ ಬಂದ. ಇಬ್ಬರನ್ನು ಜಿಲ್ಲೆಗೆ ಆರಿಸಿದರು. ಮೂರನೆಯವನು ತಾಂಡಾದಿಂದ ಬಂದ, ಜಿಲ್ಲಾ ಪರಿಷತ್ ಶಾಲೆಯ ಹುಡುಗ. ಬರಿಗಾಲಲ್ಲಿ ಓಡಿದ. ಕೊನೆಯ ತಿರುವಿನವರೆಗೂ ನಮ್ಮವನ ಹೆಗಲಿಗೆ ಹೆಗಲು ಕೊಟ್ಟೇ ಇದ್ದ, ಕೊನೆಗೆ ಒಂದು ಮಾರು ಹಿಂದೆ ಬಿದ್ದ. ಗೆರೆ ದಾಟಿದ ಮೇಲೆ ಮೊಣಕಾಲಿನ ಮೇಲೆ ಕೈಯಿಟ್ಟು ಬಗ್ಗಿ ನಿಂತಿದ್ದ ಅವನ ಬೆನ್ನನ್ನು ನಾನು ನೋಡಿದ್ದೆ. ಆಗ ಅದು ಮನಸ್ಸಿಗೆ ಹತ್ತಲಿಲ್ಲ. ನಾವೆಲ್ಲ ನಮ್ಮವನನ್ನು ಎತ್ತಿ ಕುಣಿಸುವುದರಲ್ಲಿದ್ದೆವು.

ಎರಡು ವಾರ ಕಳೆದ ಮೇಲೆ ದೃಢೀಕರಣ ಸಂಸ್ಕಾರಕ್ಕೆ ಸಿದ್ಧವಾಗುವ ಮಕ್ಕಳ ಪಟ್ಟಿ ಮಾಡುವ ಕೆಲಸ ನನಗೆ ಬಂತು. ಫಾದರ್ ಜ್ಞಾನಸ್ನಾನದ ದಾಖಲೆ ಪುಸ್ತಕ ಕೊಟ್ಟರು. ಒಂದೊಂದೇ ಹೆಸರು ನಕಲು ಮಾಡುತ್ತ ಬಂದೆ. ಆ ಹುಡುಗನ ಹೆಸರಿನ ಮುಂದೆ ಹುಟ್ಟಿದ್ದು 2010ರ ಅಕ್ಟೋಬರ್ ಎಂದಿತ್ತು. ಶಾಲೆಯ ಕಾಗದದಲ್ಲಿ ಅವನು ಹುಟ್ಟಿದ್ದು 2011ರ ಜೂನ್ 1. ಅದು ನನಗೆ ಬಾಯಿಪಾಠವಾಗಿತ್ತು, ಏಕೆಂದರೆ ಕ್ರೀಡಾಕೂಟದ ಆನ್‌ಲೈನ್ ಅರ್ಜಿಯನ್ನು ಅವನ ಶಾಲೆಯ ಪಿ.ಟಿ. ಸರ್ ಪರವಾಗಿ ತುಂಬಿಕೊಟ್ಟವಳು ನಾನೇ. ಆ ವರ್ಷ 14ರೊಳಗಿನ ಗುಂಪಿಗೆ 2011ರ ಜನವರಿ 1 ಅಥವಾ ಅದರ ನಂತರ ಹುಟ್ಟಿರಬೇಕಿತ್ತು. ಎಂದರೆ ಹುಡುಗನಿಗೆ ಸುಮಾರು ಎರಡೂವರೆ ತಿಂಗಳು ಹೆಚ್ಚಾಗಿತ್ತು.

ಇಲ್ಲಿ ಯಾರು ತಪ್ಪು ಮಾಡಿದರು?

ನಮ್ಮ ಕಡೆಯ ಯಾವುದೇ ಹಳೆಯ ಹಾಜರಿ ಪುಸ್ತಕ ತೆಗೆದು ನೋಡಿ, ಅರ್ಧ ಊರು ಜೂನ್ 1ಕ್ಕೆ ಹುಟ್ಟಿರುತ್ತದೆ. ನಮ್ಮ ಅಪ್ಪನೂ ಅದೇ ದಿನ ಹುಟ್ಟಿದವರು, ಅವರ ಅಣ್ಣನೂ ಅದೇ ದಿನ, ಅವರ ಗೆಳೆಯರಲ್ಲಿ ನಾಲ್ವರೂ ಅದೇ ದಿನ. ಮಗುವನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ತಾರೀಖು ಕೇಳುತ್ತಾರೆ. ತಾಯಿ "ಜ್ವಾಳ ಬಿತ್ತೋ ಟೈಮು" ಎನ್ನುತ್ತಾಳೆ. ಮಾಸ್ತರರು ಮಗುವಿನ ಮುಖ ನೋಡಿ, ಆರು ವರ್ಷ ಹಿಂದಕ್ಕೆ ಎಣಿಸಿ, ಶಾಲೆ ಶುರುವಾಗುವ ತಿಂಗಳ ಮೊದಲ ದಿನ ಬರೆದುಬಿಡುತ್ತಾರೆ. ಇನ್ನೂ ಹಳೆಯ ಕಾಗದಗಳ ಕಥೆ ಬೇರೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಕಿಲ್ಲಾರಿ ಕಡೆಯ ಭೂಕಂಪದಲ್ಲಿ ಮನೆ ಕುಸಿದವರ ಟ್ರಂಕುಗಳೂ ಮಣ್ಣಾದವು. ನಮ್ಮ ಕನ್ನಡ ಮನೆಗಳಿಗೆ ಇನ್ನೊಂದು ತೊಡಕು. ಹೆರಿಗೆಗೆ ಹೆಣ್ಣುಮಗಳು ತವರಿಗೆ ಹೋಗುತ್ತಾಳೆ, ತವರು ಬಸವಕಲ್ಯಾಣದ ಕಡೆಯೋ ಭಾಲ್ಕಿ, ಆಳಂದದ ಕಡೆಯೋ ಇರುತ್ತದೆ. ಮಗು ಹುಟ್ಟಿದ್ದು ಕರ್ನಾಟಕದಲ್ಲಿ, ಬೆಳೆದದ್ದು ಮಹಾರಾಷ್ಟ್ರದಲ್ಲಿ. ಜನನ ಪತ್ರ ಅಲ್ಲಿನ ಕಚೇರಿಯಲ್ಲೇ ಉಳಿಯುತ್ತದೆ. ಬಸ್ ಚಾರ್ಜು ಕೊಟ್ಟು, ಒಂದು ದಿನದ ಕೂಲಿ ಬಿಟ್ಟು ತರಲು ಯಾರು ಹೋಗುತ್ತಾರೆ? ಈ ಹುಡುಗನದೂ ಹಾಗೆಯೇ ಆದದ್ದು. 2017ರ ಜೂನಿನಲ್ಲಿ ಶಾಲೆಗೆ ಸೇರಿಸಿದರು. ಮಾಸ್ತರರು ಸರಿಯಾಗಿ ಆರು ವರ್ಷ ಎಣಿಸಿ 2011ರ ಜೂನ್ 1 ಎಂದು ಬರೆದರು. ಅದೇ ಆಧಾರ್ ಕಾರ್ಡಿಗೂ ಹೋಯಿತು.

ಸುಳ್ಳು ಎಂದರೆ ಇನ್ನೊಬ್ಬರನ್ನು ಮೋಸಗೊಳಿಸುವ ಉದ್ದೇಶದಿಂದ ಆಡುವ ಅಸತ್ಯ ಎಂದು ಸಂತ ಅಗಸ್ಟೀನರ ಮಾತನ್ನು ಆಧರಿಸಿ ಧರ್ಮಸಭೆಯ ಧರ್ಮೋಪದೇಶ ಗ್ರಂಥ 2482ನೇ ಸಂಖ್ಯೆಯಲ್ಲಿ ಹೇಳುತ್ತದೆ. ಈ ಅಳತೆಯಲ್ಲಿ ಮಾಸ್ತರರು ಸುಳ್ಳು ಹೇಳಲಿಲ್ಲ. ಒಂದು ಮಗುವಿಗೆ ಶಾಲೆಯ ಬಾಗಿಲು ತೆರೆದರು. ಅಪ್ಪ ಅಮ್ಮ ಸುಳ್ಳು ಹೇಳಲಿಲ್ಲ. ಹುಡುಗನಿಗಂತೂ ಏನೂ ಗೊತ್ತಿಲ್ಲ. ಅರ್ಜಿ ತುಂಬಿದ ದಿನ ನಾನೂ ಸುಳ್ಳು ಹೇಳಲಿಲ್ಲ. ಹೇಳಿದವರೇ ಇಲ್ಲದ ಒಂದು ಅಸತ್ಯ ನಮ್ಮೆಲ್ಲರ ನಡುವೆ ಆರಾಮವಾಗಿ ಕುಳಿತಿತ್ತು. ದಾಖಲೆ ಪುಸ್ತಕ ತೆರೆದ ಆ ಮಧ್ಯಾಹ್ನದಿಂದ ಅದಕ್ಕೆ ಒಬ್ಬ ಒಡೆಯರು ಸಿಕ್ಕಿದರು. ಅದು ನಾನು.

ಮೊದಲು ನಾನು ಓದಿದ ವಿಜ್ಞಾನದ ಹಿಂದೆ ಅಡಗಿಕೊಂಡೆ. ಬಿ.ಎಸ್ಸಿ.ಯಲ್ಲಿ ಜೀವಶಾಸ್ತ್ರ ಓದಿದ್ದು ಇಂಥ ಹೊತ್ತಿಗೆ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ! ಒಂದೇ ದಿನ ಹುಟ್ಟಿದ ಇಬ್ಬರು ಹುಡುಗರ ಮೂಳೆಯ ಬೆಳವಣಿಗೆಯಲ್ಲಿ ಒಂದೆರಡು ವರ್ಷದಷ್ಟು ವ್ಯತ್ಯಾಸ ಇರಬಹುದು. ಒಬ್ಬನಿಗೆ ಮೀಸೆ ಚಿಗುರಿರುತ್ತದೆ, ಇನ್ನೊಬ್ಬನ ದನಿಯೇ ಒಡೆದಿರುವುದಿಲ್ಲ. 1985ರಲ್ಲಿ ಕೆನಡಾದ ಮನಃಶಾಸ್ತ್ರಜ್ಞ ರೋಜರ್ ಬಾರ್ನ್ಸ್ಲಿ ಮತ್ತು ಸಂಗಡಿಗರು ತೋರಿಸಿದ ಇನ್ನೊಂದು ಸಂಗತಿಯೂ ಇದೆ. ಅಲ್ಲಿನ ಐಸ್ ಹಾಕಿ ಆಟಗಾರರಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚು. ಲೆಕ್ಕ ಜನವರಿ 1ರಿಂದ ಶುರುವಾಗುವುದರಿಂದ, ಜನವರಿಯಲ್ಲಿ ಹುಟ್ಟಿದ ಹುಡುಗ ಡಿಸೆಂಬರಿನಲ್ಲಿ ಹುಟ್ಟಿದವನಿಗಿಂತ ಹನ್ನೊಂದು ತಿಂಗಳು ದೊಡ್ಡವನಾಗಿಯೂ ಅದೇ ಗುಂಪಿನಲ್ಲಿ ಆಡುತ್ತಾನೆ. ಅಂದರೆ ನಿಯಮ ಪಾಲಿಸಿದರೂ ಹನ್ನೊಂದು ತಿಂಗಳ ಅನ್ಯಾಯ ಇದ್ದೇ ಇದೆ. ಅದರ ಮುಂದೆ ನಮ್ಮ ಹುಡುಗನ ಎರಡೂವರೆ ತಿಂಗಳು ಯಾವ ಲೆಕ್ಕ? ಹೀಗೆ ವಾದ ಮಾಡಿಕೊಂಡು ಎರಡು ರಾತ್ರಿ ನಿದ್ದೆ ಮಾಡಿದೆ.

ಮೂರನೇ ರಾತ್ರಿ ಅದೇ ವಾದ ನನ್ನ ಮೇಲೆ ತಿರುಗಿತು. ನಮ್ಮ ಬೀಡ್ ಜಿಲ್ಲೆಯ ಮಾಂಡವಾದ ಅವಿನಾಶ್ ಸಾಬಳೆ 2022ರಲ್ಲಿ ಬರ್ಮಿಂಗ್‌ಹ್ಯಾಮಿನ ಕಾಮನ್‌ವೆಲ್ತ್ ಕ್ರೀಡೆಗಳಲ್ಲಿ 3000 ಮೀಟರ್ ಸ್ಟೀಪಲ್‌ಚೇಸ್ ಓಡಿ ಬೆಳ್ಳಿ ಗೆದ್ದರಲ್ಲ, ಚಿನ್ನ ತಪ್ಪಿದ್ದು ಸೆಕೆಂಡಿನ ನೂರರಲ್ಲಿ ಐದು ಭಾಗದಿಂದ. ಎಂಟು ನಿಮಿಷಕ್ಕೂ ಹೆಚ್ಚು ಓಡಿದ ಮೇಲೆ ಅಷ್ಟೇ ಅಂತರ. "ಅದು ಯಾವ ಲೆಕ್ಕ, ಇಬ್ಬರಿಗೂ ಚಿನ್ನ ಕೊಡಿ" ಎಂದು ಯಾರೂ ಹೇಳಲಿಲ್ಲ, ಸಾಬಳೆಯೂ ಹೇಳಲಿಲ್ಲ. ಆಟದಲ್ಲಿ ಸಣ್ಣ ಅಳತೆಯನ್ನು ದೊಡ್ಡದೆಂದು ಒಪ್ಪಿಕೊಂಡೇ ಎಲ್ಲರೂ ಗೆರೆಯ ಮೇಲೆ ನಿಲ್ಲುತ್ತಾರೆ. ಜನವರಿ 1 ಎಂಬ ಗೆರೆ ಪ್ರಕೃತಿಯಲ್ಲಿ ಇಲ್ಲ, ನಿಜ. ಸುಣ್ಣದ ಗೆರೆಯೂ ಪ್ರಕೃತಿಯಲ್ಲಿ ಇಲ್ಲ. ಎರಡನ್ನೂ ನಾವೇ ಎಳೆದದ್ದು, ಒಬ್ಬರಿಗೊಬ್ಬರು ಕೊಟ್ಟ ಮಾತಿನ ಹಾಗೆ. ಸಂತ ಪೌಲರು ತಿಮೊಥೇಯನಿಗೆ ಬರೆದ ಎರಡನೇ ಪತ್ರದ ಎರಡನೇ ಅಧ್ಯಾಯದಲ್ಲಿ ಕ್ರಮಬದ್ಧವಾಗಿ ಸ್ಪರ್ಧಿಸದ ಆಟಗಾರನಿಗೆ ಕಿರೀಟವಿಲ್ಲ ಎಂಬ ಅರ್ಥದ ಮಾತು ಬರುತ್ತದೆ. ಪೌಲರಿಗೆ ಆಟದ ಮೈದಾನ ಗೊತ್ತಿತ್ತು. ಕೊರಿಂಥ ಪಟ್ಟಣದ ಹತ್ತಿರವೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು, ಗೆದ್ದವನಿಗೆ ಎಲೆಯ ಕಿರೀಟ. ಬಾಡಿಹೋಗುವ ಆ ಕಿರೀಟಕ್ಕೂ ನಿಯಮ ಬೇಕು ಎಂದು ಅವರು ತಿಳಿದಿದ್ದರು.

ಆಮೇಲೆ ತಾಂಡಾದ ಹುಡುಗನ ನೆನಪು ಬಂತು. ಅವನ ಜಾಗದಲ್ಲಿ ನಮ್ಮವನು ಜಿಲ್ಲೆಗೆ ಹೋಗುತ್ತಿದ್ದಾನೆ. ಆದರೆ ನಿಲ್ಲಿ, ಅವನ ಹುಟ್ಟಿದ ದಿನವೂ ಜೂನ್ 1 ಆಗಿರುವ ಸಂಭವವೇ ಹೆಚ್ಚಲ್ಲವೇ? ಅವನು ನಮ್ಮವನಿಗಿಂತ ಒಂದು ವರ್ಷ ದೊಡ್ಡವನೂ ಆಗಿರಬಹುದು, ಚಿಕ್ಕವನೂ ಆಗಿರಬಹುದು. ಮೊದಲನೆಯವನ ಕಥೆಯೂ ಅಷ್ಟೇ. ಆ ಗೆರೆಯ ಮೇಲೆ ನಿಂತ ಎಂಟು ಹುಡುಗರಲ್ಲಿ ನಿಜವಾದ ತಾರೀಖು ಬರೆದಿಟ್ಟ ಪುಸ್ತಕ ಇದ್ದದ್ದು ಬಹುಶಃ ಒಬ್ಬನಿಗೆ ಮಾತ್ರ, ಅವನು ಕ್ರೈಸ್ತ ಮನೆಯಲ್ಲಿ ಹುಟ್ಟಿದ್ದರಿಂದ. ಮಗುವಿಗೆ ಜ್ಞಾನಸ್ನಾನ ಮಾಡಿಸಿ ತಾರೀಖು ಬರೆಸಿದ ಮನೆಯೇ ದಂಡ ಕಟ್ಟಬೇಕೆ? ಈ ಪ್ರಶ್ನೆಗೆ ನನ್ನ ಬಳಿ ಇವತ್ತಿಗೂ ಪೂರ್ತಿ ಉತ್ತರವಿಲ್ಲ. ಆದರೂ ಒಂದು ಮಾತು ಹೇಳಬಲ್ಲೆ. "ಎಲ್ಲರ ಕಾಗದವೂ ಹಾಗೇ ಇದೆ" ಎನ್ನುವುದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ನಮ್ಮ ರಾಜ್ಯದಲ್ಲಿ ನೋಡಿದ್ದೇವೆ. ಟ್ರಾಂಪೊಲೀನ್ ಮುಂತಾದ ಆಟಗಳ ಹೆಸರಿನಲ್ಲಿ ಖೊಟ್ಟಿ ಪ್ರಮಾಣಪತ್ರ ಕೊಂಡು ನೌಕರಿ ಹಿಡಿದವರ ಸುದ್ದಿ ಪತ್ರಿಕೆಗಳಲ್ಲಿ ಬಂದದ್ದು ನೀವೂ ಓದಿರುತ್ತೀರಿ. ಅವರಿಗೂ ನಮ್ಮ ಹುಡುಗನಿಗೂ ಹೋಲಿಕೆ ಇಲ್ಲವೇ ಇಲ್ಲ. ಆದರೆ ಅವರಿಗೂ ನನಗೂ? ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಯುವಜನರ ಸಭೆಯಲ್ಲಿ ನಾನು ಸ್ಪೇನಿನ ಓಟಗಾರ ಇವಾನ್ ಫೆರ್ನಾಂಡೆಸ್ ಅನಾಯಾ ಅವರ ಕಥೆ ಬಹಳ ಸಲ ಹೇಳಿದ್ದೇನೆ. 2012ರ ಡಿಸೆಂಬರಿನಲ್ಲಿ ಬುರ್ಲಾದಾ ಎಂಬಲ್ಲಿ ಮುಂದೆ ಓಡುತ್ತಿದ್ದ ಕೀನ್ಯಾದ ಏಬೆಲ್ ಮುಟಾಯ್ ಗೆರೆ ದಾಟಿದೆನೆಂದು ತಪ್ಪು ತಿಳಿದು ಮೊದಲೇ ನಿಂತುಬಿಟ್ಟರು; ಹಿಂದಿನಿಂದ ಬಂದ ಅನಾಯಾ ಅವರನ್ನು ದಾಟದೆ, ಸನ್ನೆ ಮಾಡಿ ಮುಂದಕ್ಕೆ ಕಳಿಸಿದರು. ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ಆದರೆ ಅಲ್ಲಿ ಗೆರೆ ಕಣ್ಣಿಗೆ ಕಾಣುತ್ತಿತ್ತು, ಜನ ನೋಡುತ್ತಿದ್ದರು. ನನ್ನ ಎದುರು ಇದ್ದದ್ದು ಬೀರುವಿನಲ್ಲಿ ಬೀಗ ಹಾಕಿಟ್ಟ ಒಂದು ಪುಸ್ತಕ.

ಫಾದರ್ ಅವರಿಗೆ ಹೇಳಿದೆ. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ಎರಡೇ ಮಾತು ಹೇಳಿದರು. ಜ್ಞಾನಸ್ನಾನದ ಪುಸ್ತಕ ನಿನಗೆ ಕೊಟ್ಟದ್ದು ದೃಢೀಕರಣದ ಪಟ್ಟಿಗಾಗಿ. ಅದರಿಂದ ಒಂದು ಅಕ್ಷರವನ್ನೂ ಶಾಲೆಯ ಮೇಜಿಗೆ ಒಯ್ಯುವ ಹಕ್ಕು ನಿನಗಿಲ್ಲ. ಆದರೆ ತಾನು ಯಾವಾಗ ಹುಟ್ಟಿದೆ ಎಂದು ತಿಳಿಯುವ ಹಕ್ಕು ಆ ಹುಡುಗನಿಗೆ ಇದೆ. ನಂತರ ಧರ್ಮೋಪದೇಶ ಗ್ರಂಥದ 2488 ಮತ್ತು 2489ನೇ ಸಂಖ್ಯೆಗಳನ್ನು ಓದಲು ಹೇಳಿದರು. ಸತ್ಯವನ್ನು ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ತಿಳಿಸಲೇಬೇಕು ಎಂದಿಲ್ಲ, ತಿಳಿಯುವ ಹಕ್ಕಿಲ್ಲದವರಿಗೆ ಅದನ್ನು ಬಿಚ್ಚಿಡಬೇಕಾಗಿಲ್ಲ ಎಂಬುದು ಅಲ್ಲಿನ ತಾತ್ಪರ್ಯ. ಓದಿದಾಗ ನನಗೆ ಹಗುರವಾಯಿತು. ಬೇಕಾದದ್ದಕ್ಕಿಂತ ಹೆಚ್ಚೇ ಹಗುರವಾಯಿತು ಎಂದು ಈಗ ಅನಿಸುತ್ತದೆ.

ಸಂಜೆ ಅವರ ಮನೆಗೆ ಹೋದೆ. ಹುಡುಗ ಅಭ್ಯಾಸಕ್ಕೆ ಹೋಗಿದ್ದ. ಅಪ್ಪ ಕೇಳಿಸಿಕೊಂಡು, "ಸರ್ ಬರ್ದಾರ ತಂಗಿ, ನಾವೇನ್ ಬರ್ದಿಲ್ಲ" ಎಂದರು. ತಾಯಿಗೆ ನನ್ನ ಮಾತು ಬೇರೆಯೇ ಕಡೆ ತಾಕಿತು. "ಚರ್ಚಿನ ಬುಕ್ಕು ಸಾಳಿಗಿ ತೋರ್ಸತೀಯೇನು?" ಎಂದು ಕೇಳಿದಾಗ ಆಕೆಯ ಮುಖ ಬಿಳುಪೇರಿತ್ತು. ಆ ಭಯ ಏನೆಂದು ಈ ಪುಟ ಓದುವವರಿಗೆ ವಿವರಿಸಬೇಕಾಗಿಲ್ಲ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸವಲತ್ತು ಹಿಂದೂಗಳಿಗೆ ಇತ್ತು; 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು; ನಮಗೆ ಇಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಒಂದು ಕಾಗದ ಇನ್ನೊಂದು ಕಾಗದವನ್ನು ಹೆದರಿಸುತ್ತ ಕೂತಿರುತ್ತದೆ. ಆಟದ ವಯಸ್ಸಿನ ಪ್ರಶ್ನೆಯನ್ನು ಹಿಡಿದುಕೊಂಡು ಹೋದ ನಾನು ಯಾವ ಬಾಗಿಲು ತಟ್ಟಿದೆ ಎಂದು ಆಗ ಅರ್ಥವಾಯಿತು. "ಯಾರಿಗೂ ತೋರಿಸೋದಿಲ್ಲ ಅಕ್ಕಾ, ಫಾದರ್ ಕೂಡ ಬ್ಯಾಡ ಅಂದಾರ" ಎಂದೆ. "ಹಂಗಾದ್ರ ಹುಡುಗಗೂ ಈಗ ಹೇಳ್‌ಬ್ಯಾಡ. ಓಡಿ ಬರ್ಲಿ" ಎಂದರು. ಸರಿ ಎಂದು ಚಹ ಕುಡಿದು ಬಂದೆ.

ಆ "ಸರಿ"ಯನ್ನು ನಾನು ಹೇಳಬಾರದಿತ್ತು. ಶಾಲೆಗೆ ಹೇಳದಿದ್ದದ್ದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ. ಒಂದು ಓಟಕ್ಕಾಗಿ ಒಂದು ಮನೆಯನ್ನು ಅಪಾಯಕ್ಕೆ ಒಡ್ಡುವುದು ಸತ್ಯನಿಷ್ಠೆ ಅಲ್ಲ, ಹಟ. ಹುಡುಗನಿಗೆ ಹೇಳದಿದ್ದದ್ದು ತಪ್ಪು. ಅವನಿಗೆ ಹದಿನಾಲ್ಕು ತುಂಬುತ್ತಿತ್ತು. ದೃಢೀಕರಣ ಸಂಸ್ಕಾರ ಪಡೆಯುವಷ್ಟು, ಎಂದರೆ ತನ್ನ ವಿಶ್ವಾಸಕ್ಕೆ ತಾನೇ ಸಾಕ್ಷಿ ನಿಲ್ಲುವಷ್ಟು ದೊಡ್ಡವನು ಎಂದು ನಾವೇ ಪಟ್ಟಿಯಲ್ಲಿ ಹೆಸರು ಬರೆಯುತ್ತೇವೆ. ಆದರೆ ತನ್ನ ಓಟದ ಬಗ್ಗೆ ತೀರ್ಮಾನ ಮಾಡಲು ಚಿಕ್ಕವನು ಎಂದುಕೊಳ್ಳುತ್ತೇವೆ. "ಹೊಟ್ಟೆ ನೋವು" ಎಂದು ಹೇಳಿ ಸ್ಪರ್ಧೆಯಿಂದ ಹಿಂದೆ ಸರಿಯಬಹುದಿತ್ತು ಅವನು. ಅದು ಇನ್ನೊಂದು ಸುಳ್ಳು ಎನ್ನುತ್ತೀರೇನೋ. ಕಾರಣ ಹೇಳದೆಯೂ ಬಿಡಬಹುದಿತ್ತು. ಅಥವಾ ಎಲ್ಲ ತಿಳಿದೂ "ಓಡತೀನಿ" ಎನ್ನಬಹುದಿತ್ತು. ಯಾವುದಾದರೂ ಅವನದಾಗುತ್ತಿತ್ತು.

ಜಿಲ್ಲಾ ಕೂಟಕ್ಕೆ ನಾನೂ ಹೋದೆ. ಇದನ್ನು ಬರೆಯಲು ಕಷ್ಟವಾಗುತ್ತಿದೆ. ಅವನು ಗೆರೆಯ ಮೇಲೆ ಬಂದು ನಿಂತಾಗ, ನಾನೇ ಹೊಲಿಸಿಕೊಟ್ಟ ಬನಿಯನ್ ತೊಟ್ಟು ನನ್ನ ಕಡೆ ನೋಡಿ ಕೈ ಬೀಸಿದಾಗ, ಇವನು ಸೋಲಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಗೆದ್ದರೆ ವಿಭಾಗಕ್ಕೆ ಹೋಗುತ್ತಾನೆ, ಪ್ರಮಾಣಪತ್ರ ಬರುತ್ತದೆ, ನನ್ನ ಮೌನದ ಬೆಲೆ ಏರುತ್ತ ಹೋಗುತ್ತದೆ. ಸೋತರೆ ಪ್ರಶ್ನೆಯೇ ಮುಗಿಯುತ್ತದೆ. ಅವನು ಐದನೆಯವನಾಗಿ ಬಂದ. ನನಗೆ ಉಸಿರು ನಿರಾಳವಾಯಿತು. ಅವನು ಬಂದು ನನ್ನ ಪಕ್ಕ ಕುಳಿತು ಅತ್ತ. ನಾನು ಅವನ ಬೆನ್ನು ಸವರುತ್ತ, "ಮುಂದಿನ ವರ್ಷ ನೋಡೋಣು" ಎಂದೆ. ಆ ಕ್ಷಣದಲ್ಲಿ ನಾನು ಆಡಿದ ಒಂದೊಂದು ಮಾತೂ ನಿಜವೇ. ಆದರೂ ನಾನು ಅಷ್ಟೂ ದಿನಗಳಲ್ಲಿ ಯಾರಿಗಾದರೂ ಮೋಸ ಮಾಡಿದ್ದರೆ ಅದು ಆಗಲೇ, ಅವನಿಗೇ. ಪಾಪನಿವೇದನೆಯಲ್ಲಿ ನಾನು ತಾರೀಖಿನ ವಿಷಯ ಹೇಳಲಿಲ್ಲ, ಇದನ್ನು ಹೇಳಿದೆ.

ಕ್ರೀಡೆಯ ಬಗ್ಗೆ ವ್ಯಾಟಿಕನ್ 2018ರಲ್ಲಿ ಒಂದು ದಾಖಲೆ ಹೊರಡಿಸಿತು. ಮನುಷ್ಯ ತನ್ನಲ್ಲಿರುವ ಅತ್ಯುತ್ತಮವಾದದ್ದನ್ನು ಕೊಡುವುದರ ಕುರಿತು ಅದರ ಶೀರ್ಷಿಕೆಯೇ ಹೇಳುತ್ತದೆ. ಉದ್ದೀಪನ ಮದ್ದು, ಭ್ರಷ್ಟಾಚಾರ ಇವುಗಳ ಬಗ್ಗೆ ಅದರಲ್ಲಿ ಎಚ್ಚರಿಕೆ ಇದೆ. ತರಬೇತಿ ಕೊಡುವವರ, ಪೋಷಕರ ಹೊಣೆಯ ಬಗ್ಗೆಯೂ ಇದೆ. ಓದಲು ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದು ಅದರ ತಾರೀಖು: ಜೂನ್ 1. ನಗು ಬಂತು. ರೋಮಿನ ಕಾಗದವೂ ನಮ್ಮ ಊರಿನ ಮಾಸ್ತರರೇ ಬರೆದಂತಿದೆ!

ಆಗಮನ ಕಾಲದಲ್ಲಿ ಗೋದಲಿ ಕಟ್ಟುವ ಕೆಲಸಕ್ಕೆ ಹುಡುಗ ಬಂದಿದ್ದ. ತಾಯಿಗೆ ಮೊದಲೇ ತಿಳಿಸಿ, ಅವನಿಗೆ ಎಲ್ಲ ಹೇಳಿದೆ. ಹುಲ್ಲು ಕತ್ತರಿಸುತ್ತಲೇ ಕೇಳಿದ. "ಹಂಗಂದ್ರ ನಾ ಅಕ್ಟೋಬರ್‌ದಾಗ ಹುಟ್ಟೀನಿ?" ಎಂದ. ಹೌದು ಎಂದೆ. ಬೆರಳು ಮಡಿಚಿ ತಿಂಗಳು ಎಣಿಸಿದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾ, ಆ ತಾಂಡಾದ ಹುಡುಗ ನನಗಿಂತ ಸಣ್ಣವ ಇದ್ದನೇನು?" ಎಂದು ಕೇಳಿದ. ಗೊತ್ತಿಲ್ಲ ಎಂದೆ. "ಅವನ ಕಡೆ ಬೂಟೂ ಇರಲಿಲ್ಲ" ಎಂದ. ಮತ್ತೆ ಹುಲ್ಲು ಕತ್ತರಿಸತೊಡಗಿದ. ಅವನಿಗೆ ಮೊದಲೇ ಹೇಳಿದ್ದರೆ ಏನು ಮಾಡುತ್ತಿದ್ದನೋ ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆ ಕೇಳುವ ಹಕ್ಕನ್ನು ಕಳೆದುಕೊಂಡಿದ್ದೆ.

ಈಗ ಅವನು 17ರೊಳಗಿನ ಗುಂಪಿಗೆ ಬಂದಿದ್ದಾನೆ, ಎರಡೂ ತಾರೀಖಿನ ಪ್ರಕಾರ. ತಾಯಿ ಬಸವಕಲ್ಯಾಣಕ್ಕೆ ಹೋಗಿ ಜನನ ಪತ್ರದ ನಕಲು ತಂದಿದ್ದಾರೆ. ಅದರಲ್ಲಿ ಧರ್ಮದ ಮಾತಿಲ್ಲ, ಚರ್ಚಿನ ಹೆಸರಿಲ್ಲ, ತಾರೀಖು ಮಾತ್ರ ಇದೆ ಎಂದು ಎರಡೆರಡು ಸಲ ನನ್ನಿಂದ ಓದಿಸಿ ಕೇಳಿ ಸಮಾಧಾನಪಟ್ಟರು. ಹತ್ತನೇ ತರಗತಿಯ ಅರ್ಜಿಗೆ ಮೊದಲು ಶಾಲೆಯ ದಾಖಲೆ ತಿದ್ದಿಸಬೇಕೆಂದು ಮುಖ್ಯಾಧ್ಯಾಪಕರಿಗೆ ಅರ್ಜಿ ಹೋಗಿದೆ. ಇನ್ನೂ ಆಗಿಲ್ಲ.

ಈ ವರ್ಷ ಅರ್ಜಿ ತುಂಬುವ ಮೊದಲು ನಾನು ಮನೆ ಮನೆಗೆ ಹೋಗಿ ತಾರೀಖು ಕೇಳಿಕೊಂಡು ಬರುತ್ತಿದ್ದೇನೆ. ಈ ಸಲವೂ 14ರೊಳಗಿನವರ ಗೆರೆ ಜನವರಿ 1. ಹೆಚ್ಚಿನ ಮನೆಗಳಲ್ಲಿ ಜನನ ಪತ್ರ ಸಿಕ್ಕಿತು. ಮೊನ್ನೆ ಒಂದು ಮನೆಯಲ್ಲಿ ಹುಡುಗಿಯ ಕಾಗದ ಮತ್ತೆ ಜೂನ್ 1 ಎಂದಿತು. ಅವಳು ಚೆನ್ನಾಗಿ ಉದ್ದ ಜಿಗಿಯುತ್ತಾಳೆ. ನಿಜವಾಗಿ ಯಾವಾಗ ಹುಟ್ಟಿದಳು ಎಂದು ಅಜ್ಜಿಯನ್ನು ಕೇಳಿದೆ. ಅಜ್ಜಿ ಸ್ವಲ್ಪ ಯೋಚಿಸಿ, "ತೊಗರಿ ರಾಶಿ ಮಾಡೋ ಟೈಮಿನಾಗ" ಎಂದರು. ನಮ್ಮ ಕಡೆ ತೊಗರಿಯ ರಾಶಿ ಡಿಸೆಂಬರಿನಲ್ಲಿ ಶುರುವಾಗಿ ಜನವರಿಯವರೆಗೂ ನಡೆಯುತ್ತದೆ. ರಾಶಿಯ ಮೊದಲೋ ಕೊನೆಯೋ ಎಂದು ಕೇಳಿದರೆ, "ಕಣದಾಗ ಇದ್ವಿ, ಅಷ್ಟೇ ಗೊತ್ತು" ಎಂದು ನಕ್ಕರು. ಹುಡುಗಿಯ ಮುಂದೆಯೇ ಎಲ್ಲ ಕೇಳಿದೆ, ಅವಳಿಗೂ ಗೆರೆಯ ವಿಷಯ ಹೇಳಿದ್ದೇನೆ. ಯೋಚನೆ ಮಾಡಿ ಭಾನುವಾರ ಬಲಿಪೂಜೆ ಮುಗಿದ ಮೇಲೆ ಹೇಳುತ್ತೇನೆ ಎಂದಿದ್ದಾಳೆ. ಅವಳ ಅರ್ಜಿಯನ್ನು ಇನ್ನೂ ತುಂಬಿಲ್ಲ.